ರಾಯರು ಕೊಂಡ ಮಚವೆ

ಹೋದ ತಿಂಗಳು ಜಮಖಂಡಿ ಪೇಟೆಯಲ್ಲಿ ಜೋಡು ಹೊಲಿಸಿಕೊಳ್ಳಲು ಒಂದು ಅಂಗಡಿಯ ಮುಂದೆ ಕೂತಿದ್ದೆ. ಅಂಗಡಿಯವನು ಒಂದು ಡಬ್ಬಿಯ ಮುಚ್ಚಳ ತೆಗೆದು, ಬಟ್ಟೆ ಅದ್ದಿ, ತೊಗಲಿಗೆ ಎಣ್ಣೆ ತಿಕ್ಕತೊಡಗಿದ. ಮೀನಿನ ಎಣ್ಣೆ. ಮೂಗಿಗೆ ಬಡಿದದ್ದೇ ತಡ, ನಾನು ಎದ್ದು ನಿಂತೆ.

"ಯಾಕ್ರಿ ಅಜ್ಜಾರ, ವಾಸನಿ ಆಗಿ ಬರಂಗಿಲ್ಲೇನ್ರಿ?" ಅಂದ.

"ಮತ್ತ ಬರ್ತೇನೋ ತಮ್ಮಾ," ಅಂದು ಹರಿದ ಜೋಡು ಅಲ್ಲೇ ಬಿಟ್ಟು ಬರಿಗಾಲಲ್ಲಿ ಬಸ್ ನಿಲ್ದಾಣದತನಕ ನಡೆದೆ. ಆ ವಾಸನೆಯಲ್ಲಿ ನಾನು ಎಂಟು ದಿನ ಕೆಲಸ ಮಾಡಿದ್ದೆ. ಅದನ್ನು ಇಲ್ಲಿಯವರೆಗೆ ಮನೆಯವರಿಗೂ ಪೂರ್ತಿ ಹೇಳಿಲ್ಲ.

ಸಂಸ್ಥಾನಗಳು ಇನ್ನೂ ಇದ್ದ ಕಾಲ. ನಮ್ಮ ರಬಕವಿ ಒಬ್ಬ ರಾಜರದು, ಕೂಗಳತೆಯ ಬನಹಟ್ಟಿ ಇನ್ನೊಬ್ಬರದು. ನಾನು ಮಗ್ಗ ಮಾಡುವ ಬಡಿಗ, ಹೆಸರು ಮೌನಪ್ಪ. ಮೂವತ್ತರ ಒಳಗಿನ ವಯಸ್ಸು. ಮಗ್ಗದ ಕೆಲಸವಲ್ಲದೆ ಹೊಳೆಯ ನಾವೆ ಒಡೆದರೆ ಹಲಗೆ ಕೂಡಿಸುವುದಕ್ಕೂ ನನ್ನನ್ನೇ ಕರೆಯುತ್ತಿದ್ದರು. ಹಾಗೆಯೇ ಓವರಸಿಯರ್ ಭೀಮರಾಯರ ಪರಿಚಯವಾದದ್ದು. ರಾಯರು ಜಮಖಂಡಿ ಸಂಸ್ಥಾನದ ನೌಕರಿಯಲ್ಲಿದ್ದವರು. ಕೃಷ್ಣೆಯ ದಂಡೆಯಲ್ಲಿ ನೀರಿನ ಎತ್ತರ ಅಳೆಯುವ ಗುರುತಿನ ಕಂಬವೊಂದಿತ್ತು. ಮೂವತ್ತು ವರ್ಷ ಅವರು ಮಳೆಗಾಲ ಬಂದರೆ ದಿನಾ ಅಲ್ಲಿಗೆ ಹೋಗಿ, ಹೊಳೆ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಬರೆದುಕೊಂಡವರು. ಆ ಕಂಬ ಹೊಳೆಯಲ್ಲಿ ಅಲ್ಲಾಡಿದಾಗೆಲ್ಲ ನಾನು ಹೋಗಿ ನಿಲ್ಲಿಸಿ ಬರುತ್ತಿದ್ದೆ.

ಪೆನ್ಶನ್ ಆದ ವರ್ಷ ರಾಯರಿಗೆ ಒಂದು ಹುಚ್ಚು ಹಿಡಿಯಿತು ಎಂದು ಜಮಖಂಡಿಯ ಮಂದಿ ಆಡಿಕೊಂಡರು. ಸಮುದ್ರದ ಮೇಲೆ ಹೋಗಲು ಹಳೆಯ ಹಾಯಿ ಹಡಗೊಂದನ್ನು ಕೊಳ್ಳುತ್ತಾರಂತೆ. ವೆಂಗುರ್ಲೆಯಲ್ಲಿ ಕೊಂಡು, ಕನ್ಯಾಕುಮಾರಿ ಸುತ್ತಿ, ಲಂಕೆಯ ಆಚೆ ಹಾದು, ಆಂಧ್ರದಲ್ಲಿ ಕೃಷ್ಣೆ ಸಮುದ್ರಕ್ಕೆ ಸೇರುವ ಜಾಗಕ್ಕೆ ಹೋಗುತ್ತಾರಂತೆ. ಅವರ ಗೋಡೆಯ ಮೇಲೆ ನಕಾಶೆ ಇತ್ತು. ಅದರಲ್ಲಿ ಹೋಗುವ ದಾರಿಯನ್ನು ಕೆಂಪು ಮಸಿಯಲ್ಲಿ ಎಳೆದಿದ್ದರು.

ನಾನು ಕೇಳಿದೆ: "ರಾಯರ, ಅಲ್ಲಿಗೆ ರೈಲು ಹೋಗತೈತಂತಲ್ರಿ."

"ರೈಲಿನ್ಯಾಗ ಹೋದ್ರ ನೋಡಿ ಬಂದಂಗಾಗ್ತದ ಅಷ್ಟೇ. ಮೂವತ್ತು ವರ್ಷ ಈ ನೀರಿನ ಲೆಕ್ಕ ಬರದೀನಿ ಮೌನಪ್ಪಾ, ದಂಡಿ ಮ್ಯಾಲೆ ನಿಂತು. ಒಂದು ಸಲಾನಾದ್ರೂ ನೀರಿನ ಮ್ಯಾಲೆ ಹೋಗಬೇಕು. ಹಡಗು ನೋಡಾಕ ನೀ ವೆಂಗುರ್ಲೆತನಕ ನನ್ನ ಜೋಡಿ ಬಾ. ಹಡಗಿನ ವಿಷಯ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಆದ್ರ ಕಟ್ಟಿಗಿ ವಿಷಯ ನಿನಗ ಗೊತ್ತದ."

ಅದು ಆಷಾಢ. ನಮ್ಮ ಕಡೆ ಮಳೆಯ ಹನಿ ಇಲ್ಲ. ಹೊಲಗಳು ಬಾಯಿ ತೆರೆದು ಬಿದ್ದಿದ್ದವು, ಆಕಾಶ ತೊಳೆದಿಟ್ಟಂತಿತ್ತು. ಆದರೆ ಘಟ್ಟದ ಮೇಲೆ ಸುರಿದ ಮಳೆ ಹೊಳೆಯಲ್ಲಿ ಬರುತ್ತಿತ್ತು. ಬೋಳು ಬಿಸಿಲಿನ ಕೆಳಗೆ ಕೃಷ್ಣೆ ದಿನಕ್ಕೆ ಮೊಳ, ಎರಡು ಮೊಳ ಏರುತ್ತಿತ್ತು. ಕೆಂಪು ನೀರು ಸದ್ದಿಲ್ಲದೆ ದಂಡೆಯ ಜಾಲಿಮರಗಳ ಕೊರಳಿಗೆ ಬಂದಿತ್ತು. ಬಣ್ಣ ಹಾಕಿದ ನೂಲನ್ನು ಒಣಹಾಕಿದ್ದ ನೇಕಾರರು ಗಳುಗಳನ್ನು ಕಿತ್ತು ಮೇಲಕ್ಕೆ ಸರಿಸುತ್ತಿದ್ದರು. ಒಂದು ಸತ್ತ ಎಮ್ಮೆ ತೇಲಿ ಹೋದದ್ದನ್ನು ನೋಡಿದೆ. ಮಳೆಯಿಲ್ಲದ ಊರಿನಲ್ಲಿ ಮಹಾಪೂರ ನೋಡುವುದು ಯಾವಾಗಲೂ ಮನಸ್ಸಿಗೆ ಒಳ್ಳೆಯದೆನಿಸುವುದಿಲ್ಲ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ರಾಯರ ಮನೆಗೆ ಹೋದಾಗ ಅವರ ಮಗಳು ಗೋದಕ್ಕ ಹಿತ್ತಲಿಗೆ ಕರೆದರು. ಗಂಡ ತೀರಿಕೊಂಡ ಮೇಲೆ ತಂದೆಯ ಮನೆಗೆ ಬಂದವರು. ರಾಯರಿಗೆ ಅವರು, ಅವರಿಗೆ ರಾಯರು. ನನಗೆ ಮಜ್ಜಿಗೆ ಕೊಟ್ಟು, ನಾನು ಕುಡಿದ ಮೇಲೆ ಮಾತು ತೆಗೆದರು.

"ಮೌನಪ್ಪಾ, ಒಂದು ಮಾತು ಕೇಳ್ತೀನಿ, ಇಲ್ಲನ್ನಬ್ಯಾಡ. ಅಲ್ಲಿ ಹಡಗು ಹ್ಯಾಂಗಾರ ಇರ್ಲಿ, ಹುಳ ಹಿಡದದ ಅಂತ ಹೇಳಿಬಿಡು."

"ಸುಳ್ಳು ಹೇಳಂತೀರೇನ್ರಿ, ಗೋದಕ್ಕಾರ?"

"ಹೂಂ, ಸುಳ್ಳು. ಅಪ್ಪ ನನ್ನ ಮಾತು ಕೇಳೂದಿಲ್ಲ. ಕಟ್ಟಿಗಿ ಅಂದ್ರ ನಿನ್ನ ಮಾತು ಕೇಳ್ತಾನ. ಅವಗ ಈಜು ಸುದ್ದಾ ಬರೂದಿಲ್ಲ, ಗೊತ್ತೇನು ನಿನಗ?"

ಅದು ನನಗೆ ಗೊತ್ತಿರಲಿಲ್ಲ. ಆಗಲೆಂದು ತಲೆಯಾಡಿಸಿದೆ.

ಎತ್ತಿನ ಗಾಡಿಯಲ್ಲಿ ಕುಡಚಿಗೆ, ಅಲ್ಲಿಂದ ರೈಲಿನಲ್ಲಿ ಬೆಳಗಾವಿಗೆ ಹೋದೆವು. ಮರುದಿನ ಮುಂಜಾನೆ ಮೋಟಾರಿನಲ್ಲಿ ಘಟ್ಟ ಇಳಿಯತೊಡಗಿದೆವು. ಮಂಜು ಎಷ್ಟಿತ್ತೆಂದರೆ ಮೋಟಾರಿನವನು ತನ್ನ ಜೊತೆಗಾರನನ್ನು ಕೆಳಗಿಳಿಸಿ ಮುಂದೆ ನಡೆಯಲು ಹಚ್ಚಿದ್ದ. ಅವನ ಬಿಳಿ ರುಮಾಲು ನೋಡಿಕೊಂಡು ಗಾಡಿ ಬಿಡುತ್ತಿದ್ದ. ಬಲಗಡೆ ನೀರು ಬೀಳುವ ಸದ್ದು ಕೇಳುತ್ತಿತ್ತು, ಎಷ್ಟು ಆಳದಲ್ಲಿ ಬೀಳುತ್ತಿದೆಯೋ ಕಾಣುತ್ತಿರಲಿಲ್ಲ. ನನ್ನ ಜೀವ ಕೈಯಲ್ಲಿತ್ತು. ರಾಯರು ಮಾತ್ರ ಹಬ್ಬಕ್ಕೆ ಹೊರಟವರಂತಿದ್ದರು. ಗೋದಕ್ಕ ಕಟ್ಟಿಕೊಟ್ಟ ದಶಮಿ ರೊಟ್ಟಿಯ ಗಂಟು ಬಿಚ್ಚಿ ಅರ್ಧ ನನ್ನ ಕೈಗೆ ಇಟ್ಟರು.

"ಮಂದಿ ನನಗ ಹುಚ್ಚ ಅಂತಾರ. ನೀ ಒಬ್ಬನ ಒಂದೂ ಮಾತಾಡದ ಬಂದಿ," ಅಂದರು.

ಆ ದಶಮಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟೆ. ಮಗಳು ಮಾಡಿದ್ದು, ತಂದೆ ಕೊಟ್ಟದ್ದು, ಇಬ್ಬರ ನಡುವೆ ನಾನು ಸುಳ್ಳು ಹೊತ್ತು ಕೂತವನು. ಘಟ್ಟ ಮುಗಿಯುವ ಮೊದಲೇ ಬಾಯಿಬಿಟ್ಟೆ. "ರಾಯರ, ನಿಮ್ಮ ಮುಂದ ಮುಚ್ಚಿಡೋದು ನನ್ನ ಕೈಲೆ ಆಗವಲ್ದು," ಅಂದು ಗೋದಕ್ಕ ಹೇಳಿದ್ದನ್ನೆಲ್ಲ ಹೇಳಿದೆ.

ರಾಯರು ಸಿಟ್ಟಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಕಿ ಸಣ್ಣಾಕಿ ಇದ್ದಾಗಿಂದ ಹಿಂಗ. ನಾ ಊರಿಗೆ ಹೊರಟ್ರ ಜೋಡು ಮುಚ್ಚಿಡ್ತಿದ್ಲು," ಅಂದರು. ಆಮೇಲೆ ನನ್ನ ಭುಜ ತಟ್ಟಿ, "ನಿನ್ನ ಮನಸು ಛಲೋ ಅದ," ಅಂದರು. ನನಗೆ ಹಗುರಾಯಿತು. ನನ್ನ ಜೀವನದಲ್ಲಿ ಅಷ್ಟು ತಪ್ಪು ಸಮಯಕ್ಕೆ ನಾನು ಇನ್ನೊಮ್ಮೆ ಹಗುರಾದದ್ದಿಲ್ಲ.

ವೆಂಗುರ್ಲೆಯಲ್ಲಿ ಮಳೆ ಅಡ್ಡ ಬೀಳುತ್ತಿತ್ತು. ಮಳೆಗಾಲದಲ್ಲಿ ಅಲ್ಲಿಯವರು ಹಡಗುಗಳನ್ನು ನೀರಿನಿಂದ ಎಳೆದು ಮರಳಿನ ಮೇಲೆ ನಿಲ್ಲಿಸಿ, ತೆಂಗಿನ ಗರಿಯ ಚಪ್ಪರ ಹೊದಿಸುತ್ತಾರೆ. ಅಂಥದೊಂದು ಚಪ್ಪರದ ಕೆಳಗೆ ಮಾರಾಟದ ಮಚವೆ ನಿಂತಿತ್ತು. ಒಂದು ಹಾಯಿಕಂಬದ ಸರಕಿನ ಹಡಗು, ನಮ್ಮ ಹೊಳೆಯ ನಾವೆಯ ಆರು ಪಟ್ಟು ಉದ್ದ. ಮೈಗೆಲ್ಲ ಹೊಸದಾಗಿ ಮೀನೆಣ್ಣೆ ಬಳಿದಿದ್ದರು, ತಳಕ್ಕೆ ಸುಣ್ಣ. ಆ ವಾಸನೆಗೆ ನನ್ನ ತಲೆ ತಿರುಗಿತು. ರಾಯರು ಅದರ ಹೊಟ್ಟೆಯ ಮೇಲೆ ಅಂಗೈ ಇಟ್ಟು ನಿಂತರು. ಮನಸ್ಸಿನಲ್ಲಿ ಆಗಲೇ ಕೊಂಡಾಗಿದೆ ಎಂದು ನನಗೆ ತಿಳಿಯಿತು.

ಹಡಗಿನ ಒಡೆಯ ಒಬ್ಬ ಮುದುಕ. ಹಡಗು ನಡೆಸುವವರಿಗೆ ಅಲ್ಲಿ ತಾಂಡೇಲ ಅನ್ನುತ್ತಾರೆ, ಎಲ್ಲರೂ ಅವನನ್ನು ಹಾಗೇ ಕರೆಯುತ್ತಿದ್ದರು. ಗಂಡು ಮಕ್ಕಳಿಲ್ಲ. ಅಳಿಯ ಪಾಂಡು ಅವನ ಜೊತೆಗೇ ಇದ್ದ. ಮೂವತ್ತೈದರ ಗಟ್ಟಿ ಆಳು, ಮಾತು ಕಡಿಮೆ. ಅವರ ಮಾತು ಮರಾಠಿ. ನಮ್ಮ ಸಂಸ್ಥಾನಗಳ ಕಚೇರಿ ಮರಾಠಿಯಲ್ಲೇ ನಡೆಯುತ್ತಿದ್ದುದರಿಂದ ನಮಗಿಬ್ಬರಿಗೂ ಅದು ಬರುತ್ತಿತ್ತು.

"ಎಲ್ಲಿಯವರೆಗೆ ಹೋಗಿದೆ ಇದು?" ರಾಯರು ಕೇಳಿದರು.

"ನನ್ನ ಪ್ರಾಯದಲ್ಲಿ ಮಸ್ಕತ್ತಿಗೆ ಹೋಗಿ ಬಂದಿದೆ," ಅಂದ ತಾಂಡೇಲ.

"ಈಗ?"

"ಈಗ ನಾನು ದಂಡೆ ಕಾಣುವಷ್ಟರಲ್ಲೇ ಇಟ್ಟುಕೊಂಡಿದ್ದೇನೆ. ನನಗೂ ವಯಸ್ಸಾಯಿತು ನೋಡಿ."

ನಾನು ಮರದ ಕೊಡತಿಯಿಂದ ಬಡಿಯುತ್ತ ಮಚವೆಯ ಸುತ್ತ ಬಂದೆ. ಒಳ್ಳೆಯ ಸಾಗವಾನಿ. ಬಡಿದಲ್ಲೆಲ್ಲ ಕಂಚಿನ ಹಾಗೆ ಉತ್ತರ ಕೊಟ್ಟಿತು. ಗೋದಕ್ಕನಿಗೆ ಏನು ಹೇಳಲಿ ಎಂದು ಯೋಚಿಸುತ್ತ ಹಿಂಬದಿಗೆ ಬಂದೆ. ಹಡಗಿನ ಬೆನ್ನೆಲುಬಿನಂಥ ಅಡಿಮರಕ್ಕೆ ಹಿಂದಿನ ಕಂಬ ಕೂಡುವ ಜಾಗದಲ್ಲಿ ಬಡಿದೆ. ಹಿಟ್ಟಿನ ಚೀಲಕ್ಕೆ ಬಡಿದಂತಾಯಿತು. ಇನ್ನೊಮ್ಮೆ ಬಡಿದೆ. ಅದೇ ಸದ್ದು. ಜೋಳಿಗೆಯಿಂದ ದಬ್ಬಣ ತೆಗೆದು ಒತ್ತಿದೆ. ಕೈಯಲ್ಲಿ ಬಲ ಹಾಕುವ ಮೊದಲೇ ಅದು ಹಿಡಿಕೆಯವರೆಗೂ ಒಳಗೆ ಹೋಯಿತು.

ತಲೆಯೆತ್ತಿದಾಗ ತಾಂಡೇಲ ನನ್ನನ್ನೇ ನೋಡುತ್ತಿದ್ದ. ನಾನು ನೋಡಿದ್ದೇ ಅವನು ಮುಖ ತಿರುಗಿಸಿ ಸಮುದ್ರದ ಕಡೆ ನೋಡಿದ.

ರಾಯರನ್ನು ಪಕ್ಕಕ್ಕೆ ಕರೆದು ಕನ್ನಡದಲ್ಲಿ ಹೇಳಿದೆ: "ರಾಯರ, ಹಿಂದಿನ ಬುಡಕ್ಕ ಹುಳ ಹಿಡದೈತ್ರಿ. ಒಳಗ ಹಿಟ್ಟಾಗೇತಿ. ಮ್ಯಾಲೆ ಸುಣ್ಣಾ ಎಣ್ಣಿ ಹಚ್ಚಿ ಮುಚ್ಯಾರ."

ರಾಯರು ನನ್ನ ಮುಖ ನೋಡಿದರು. ಮೆಲ್ಲಗೆ ಅವರ ತುಟಿಯಲ್ಲಿ ನಗೆ ಬಂತು. "ಗೋದಿ ಹೇಳಿಕೊಟ್ಟಂಗ ಹೇಳಿದಿ ನೋಡು. ಹೋಗ್ಲಿ, ಅಕಿಗೆ ಕೊಟ್ಟ ಮಾತು ಉಳಿಸಿಕೊಂಡಿ."

"ಇಲ್ರಿ, ಖರೇನ ಹಿಡದೈತ್ರಿ! ದೇವರಾಣಿ ಮಾಡಿ ಹೇಳತೇನಿ. ಬರ್ರಿ, ನಿಮ್ಮ ಕೈಲೆ ಮುಟ್ಟಿ ನೋಡ್ರಿ."

ಬಂದರು, ಬಗ್ಗಿದರು, ದಬ್ಬಣದ ತೂತಿಗೆ ಬೆರಳು ಹಚ್ಚಿದರು. ಅಷ್ಟರಲ್ಲಿ ಎಣ್ಣೆ ಒಸರಿ ತೂತು ಮುಚ್ಚಿಕೊಂಡಿತ್ತು. "ಎಣ್ಣಿ ಕುಡದ ಕಟ್ಟಿಗಿ ಮೆತ್ತಗ ಇರೂದ," ಅಂದರು. ಆಗ ನಾನು ಬಾಚಿ ತೆಗೆದು ನಾಲ್ಕು ಏಟು ಹಾಕಿ ಆ ಜಾಗವನ್ನು ಸೀಳಿ ತೋರಿಸಬೇಕಿತ್ತು. ಪರರ ಹಡಗು, ಪರ ಊರು, ಎದುರಿಗೆ ಒಡೆಯ. ನನ್ನ ಕೈ ಏಳಲಿಲ್ಲ.

"ನಿನಗ ಸಮಾಧಾನ ಇಲ್ಲಂದ್ರ ಹೊಸಾ ತುಂಡು ಹಾಕು," ಅಂದರು ರಾಯರು. ಅಂದೇ ಮಾತು ಮುಗಿಸಿ ಮಚವೆ ಕೊಂಡರು.

ಎಂಟು ದಿನ ಕೆಲಸ ಮಾಡಿದೆ. ಮಳೆ ಒಂದು ಗಳಿಗೆ ಬಿಡಲಿಲ್ಲ. ಚಪ್ಪರ ಸೋರಿ ಬೆನ್ನ ಮೇಲೆ ಬೀಳುತ್ತಿತ್ತು, ಕೆಳಗೆ ಮರಳಿನಲ್ಲಿ ನೀರು. ಕೆತ್ತಿದಷ್ಟೂ ಹುಳದ ದಾರಿಗಳು ಒಳಗೊಳಗೆ ಹೋಗುತ್ತಿದ್ದವು. ಬೆರಳು ಗಾತ್ರದ ಕೊಳವೆಗಳು, ಒಳಗೆ ಸುಣ್ಣದಂಥ ಬಿಳಿ ಪದರ. ಅಡಿಮರವನ್ನೇ ಬಿಚ್ಚಿ ತೆಗೆಯದ ಹೊರತು ಅದರ ತುದಿ ಸಿಗುವಂತಿರಲಿಲ್ಲ. ಅದಕ್ಕೆ ಎರಡು ತಿಂಗಳು ಬೇಕು ಅಂದೆ. ಶ್ರಾವಣ ಹುಣ್ಣಿಮೆಗೆ ಅಲ್ಲಿಯವರು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ಹಡಗು ಇಳಿಸುತ್ತಾರೆ, ಅಂದೇ ಹೊರಡಬೇಕು ಅಂದರು ರಾಯರು. ಕೈಗೆ ಸಿಕ್ಕಷ್ಟು ಕೆತ್ತಿ, ಗಟ್ಟಿ ಸಾಗವಾನಿ ತುಂಡು ಕೂಡಿಸಿ, ಮೊಳೆ ಹೊಡೆದು, ಸಂದಿಗೆ ಹತ್ತಿ ತುಂಬಿ ರಾಳ ಬಳಿದೆ. ಹೊರಗಿನಿಂದ ನೋಡಿದರೆ ಹೊಸದರಂತೆ ಕಾಣುತ್ತಿತ್ತು. ನನ್ನ ಕೈಕೆಲಸ ಅಷ್ಟು ಚೆನ್ನಾಗಿ ಬಂದದ್ದಕ್ಕೆ ನನಗೇ ಭಯವಾಯಿತು.

ರಾಯರು ನೋಡಿ, "ಈಗ ಆತಲ್ಲಾ?" ಅಂದರು.

"ನನ್ನ ಕೈಲೆ ಆದಷ್ಟು ಆಗೇತ್ರಿ," ಅಂದೆ.

ಕೊನೆಯ ದಿನ ಸಾಮಾನು ಕಟ್ಟುತ್ತಿದ್ದಾಗ ಪಾಂಡು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಮಚವೆ ಮಾರಿದ ಮೇಲೆ ಅವನಿಗೆ ಕೆಲಸವಿರಲಿಲ್ಲ. ರಾಯರು ಅವನನ್ನೇ ಹಡಗು ನಡೆಸಲು ಗೊತ್ತು ಮಾಡಿದ್ದರು. ಹಾಯಿ ಹಗ್ಗ ನೋಡಿಕೊಳ್ಳಲು ಜೊತೆಗೆ ಇನ್ನೊಬ್ಬ ಖಲಾಸಿ. ಪಾಂಡು ನಾನು ಕೂಡಿಸಿದ ತುಂಡಿನ ಮೇಲೆ ಕೈಯಾಡಿಸಿದ.

"ಬಡಿಗ ದಾದಾ, ತಡೆಯುತ್ತದೆಯೇ?"

ಮಾವ ಅವನಿಗೆ ಹೇಳಿರುತ್ತಾನೆ ಅಂದುಕೊಂಡೆ. ಅವರ ಮನೆಯ ಹಡಗು, ಅವರಿಗೆ ಗೊತ್ತಿರದೆ ಇರುತ್ತದೆಯೇ? ಅವನ ಹೆಂಡತಿ ಚಂದ್ರಾ ದೂರದಲ್ಲಿ ಬಲೆ ಒಣಹಾಕುತ್ತ ನಮ್ಮ ಕಡೆಗೇ ನೋಡುತ್ತಿದ್ದಳು. ರಾಯರಿಗೆ ಹೇಳಿದ್ದ ಮಾತನ್ನೇ ಅವನಿಗೂ ಹೇಳಿದೆ: "ನನ್ನ ಕೈಲಾದಷ್ಟು ಮಾಡಿದ್ದೇನೆ." ಅವನು ಅದನ್ನು ಬಡಿಗನ ವಿನಯ ಅಂದುಕೊಂಡ. ನಕ್ಕು ಎದ್ದು ಹೋದ.

ರಾಯರು ಹುಣ್ಣಿಮೆ ಕಾಯುತ್ತ ವೆಂಗುರ್ಲೆಯಲ್ಲೇ ಉಳಿದರು. ನಾನು ಊರಿಗೆ ಬಂದವನೇ ಜಮಖಂಡಿಗೆ ಹೋದೆ. ಗೋದಕ್ಕ ಬಾಗಿಲಲ್ಲೇ ಕೇಳಿದರು: "ಹೇಳಿದ್ಯಲ್ಲಾ?"

"ಹೇಳಿದೆನ್ರಿ. ಆದ್ರ ಖರೇನ ಹುಳ ಹಿಡದಿತ್ರಿ."

ಅವರಿಗೆ ಒಮ್ಮೆಲೇ ಅರ್ಥವಾಗಲಿಲ್ಲ. ದಾರಿಯಲ್ಲಿ ನಾನು ಬಾಯಿಬಿಟ್ಟದ್ದು, ರಾಯರು ನಕ್ಕದ್ದು, ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವರು ಹೊಸ್ತಿಲ ಮೇಲೆ ಕೂತುಬಿಟ್ಟರು.

"ನಾ ಸುಮ್ನಿದ್ದಿದ್ರ ನಂಬ್ತಿದ್ದ," ಅಂದರು. "ನಿನ್ನ ಮಾತು ಸುಳ್ಳು ಮಾಡಿದಾಕಿ ನಾನ."

"ಹಂಗನಬ್ಯಾಡ್ರಿ. ಬಾಯಿ ಬಿಟ್ಟಾವ ನಾನು."

ಅವರು ಅಂದೇ ತಂದೆಗೆ ಕಾಗದ ಬರೆದರು. ಮೌನಪ್ಪ ಹೇಳಿದ್ದು ಖರೆ, ಹೋಗಬೇಡ ಎಂದು ಬೇಡಿಕೊಂಡರು. ಅದಕ್ಕೆ ರಾಯರು ಬರೆದ ಉತ್ತರದಲ್ಲಿ ಮಗಳ ಹಟದ ಬಗ್ಗೆ ಚೇಷ್ಟೆಯ ಮಾತಿತ್ತು. ಕೆಳಗೆ, ನಾಳೆ ಹೊರಡುತ್ತೇವೆ ಎಂದಿತ್ತು.

ಆಮೇಲೆ ಕಾಗದಗಳು ಬರತೊಡಗಿದವು. ನಾನು ವಾರಕ್ಕೊಮ್ಮೆ ಜಮಖಂಡಿಗೆ ಹೋದರೆ ಗೋದಕ್ಕ ಓದಿ ಹೇಳುತ್ತಿದ್ದರು. ಕಾರವಾರದಿಂದ ಬಂದದ್ದರಲ್ಲಿ ಬರೀ ಸಂತೋಷ. ರಾತ್ರಿ ನೀರು ಹೊಳೆಯುತ್ತದೆ, ಪಾಂಡು ಮೀನು ಸುಡುವಾಗ ವಾಸನೆ ತಾಗದಂತೆ ತಾನು ಗಾಳಿಗೆ ಎದುರಾಗಿ ಕೂರುತ್ತೇನೆ ಎಂದೆಲ್ಲ ಬರೆದಿದ್ದರು. ಮಂಗಳೂರಿನ ಕಾಗದದಲ್ಲಿ ನಡುವೆ ಒಂದು ಸಾಲು: ತಳದಲ್ಲಿ ಸ್ವಲ್ಪ ನೀರು ಕೂಡುತ್ತದೆ, ದಿನಕ್ಕೆ ಎರಡು ಸಲ ಹೊರಗೆ ಹಾಕುತ್ತೇವೆ. ಗೋದಕ್ಕ ಆ ಸಾಲನ್ನು ಎರಡು ಸಲ ಓದಿ ನನ್ನ ಮುಖ ನೋಡಿದರು. ಎಲ್ಲ ಹಡಗಿನಲ್ಲೂ ಕೂಡುತ್ತದೆ ಅಂದೆ. ಕಣ್ಣೂರಿನ ಕಾಗದ ತೀರ ಚಿಕ್ಕದು. ಈಗ ಸರದಿಯ ಮೇಲೆ ನೀರು ತೆಗೆಯುತ್ತೇವೆ, ಪಾಂಡುವಿನ ಕೈಗೆ ಬೊಬ್ಬೆ ಬಂದಿವೆ, ಕೊಚ್ಚಿಯಲ್ಲಿ ದಂಡೆಗೆ ಎಳೆದು ನೋಡಿಸುತ್ತೇವೆ ಎಂದಿತ್ತು. ಮಗಳಿಗೆ ಆಶೀರ್ವಾದ ಬರೆಯುವುದನ್ನು ರಾಯರು ಮರೆತಿದ್ದರು.

ಅದೇ ಕಡೆಯದು. ನವರಾತ್ರಿ ಕೂತಿತು, ದಸರೆಯ ಬನ್ನಿ ಕೊಟ್ಟು ತೆಗೆದುಕೊಂಡದ್ದಾಯಿತು, ಕಾಗದವಿಲ್ಲ. ನಮ್ಮ ಹೊಳೆ ಇಳಿದು ದಂಡೆಯ ಗಿಡಗಳ ಮೇಲೆ ಕೆಸರು ಒಣಗಿ ಬೂದಿಯಂತೆ ಕೂತಿತ್ತು. ಗೋದಕ್ಕ ದಿನಾ ಟಪಾಲಿನವನ ಹೊತ್ತಿಗೆ ಬೀದಿಗೆ ಬಂದು ನಿಲ್ಲುತ್ತಿದ್ದರು. ಅವನು ಮೂಲೆ ತಿರುಗುವ ಮೊದಲೇ ಕೈಯಲ್ಲಾಡಿಸಿ ಇಲ್ಲ ಅನ್ನುತ್ತಿದ್ದ. ಕೆಲವು ದಿನ ಅವರ ಎದುರಿಗೆ ಬರಲಾಗದೆ ಹಿಂದಿನ ಓಣಿಯಿಂದ ಹೋಗುತ್ತಿದ್ದನಂತೆ. ನನಗೆ ಮಗ್ಗದ ಕೆಲಸದಲ್ಲಿ ಕೈ ಹತ್ತದಾಯಿತು. ಯಾವ ಮರಕ್ಕೆ ಬಡಿದರೂ ಎರಡೆರಡು ಸಲ ಬಡಿಯುತ್ತಿದ್ದೆ.

ದೀಪಾವಳಿ ಕಳೆದು ನಾಲ್ಕು ದಿನಕ್ಕೆ ರಾಯರು ಬಂದರು. ಮೊದಲು ಮನೆಗೆ ಹೋಗಿ, ಮರುದಿನವೇ ಬಾಡಿಗೆ ಗಾಡಿಯಲ್ಲಿ ರಬಕವಿಗೆ, ನನ್ನ ಕೆಲಸದ ಚಪ್ಪರಕ್ಕೆ ಬಂದರು. ಜೊತೆಗೆ ಗೋದಕ್ಕ. ರಾಯರ ತಲೆಯ ಮೇಲೆ ರುಮಾಲಿಲ್ಲ. ಮುಖ ಸುಟ್ಟು ಕಪ್ಪಾಗಿತ್ತು, ಅಂಗಿ ಯಾರದೋ. ನಾನು ಕಾಲಿಗೆ ಬೀಳಲು ಹೋದರೆ ಹಿಂದೆ ಸರಿದರು. ಅರ್ಧ ಮುಗಿದ ಮಗ್ಗದ ಅಡ್ಡಪಟ್ಟಿಯ ಮೇಲೆ ಕೂತು ಹೇಳಿದರು.

"ಗಾಳಿ ಇರಲಿಲ್ಲ, ಮೌನಪ್ಪಾ. ತೆರೀನೂ ಇರಲಿಲ್ಲ. ನಡು ಮಧ್ಯಾಹ್ನ. ತಾಟಿನೊಳಗಿನ ನೀರಿನಂಗ ಇತ್ತು ಸಮುದ್ರ. ಹಿಂದ ಒಂದು ಸಪ್ಪಳ ಆತು, ಕಬ್ಬು ಮುರದಂಗ. ನೀ ಹಾಕಿದ ತುಂಡು ಗಟ್ಟಿ ಇತ್ತು. ಅದರ ಸುತ್ತಲಿಂದು ಬಿಟ್ಟಿತು. ನೀರು ಒಳಗ ನುಗ್ಗಿತು. ಪಾಂಡು ಹಾಸಿಗಿ ಸುತ್ತಿಕೊಂಡು ಹೊರಗ ಜಿಗದ, ಹೊರಗಿಂದ ತುರುಕಿದ್ರ ನೀರು ನಿಲ್ತದ ಅಂತ. ಎರಡು ಸಲ ಮ್ಯಾಲೆ ಬಂದ. ಮೂರನೇ ಸಲ ಹಡಗು ಅವನ ಮ್ಯಾಲೆ ಕೂತಿತು."

ರಾಯರನ್ನು ಆ ಇನ್ನೊಬ್ಬ ಖಲಾಸಿ ಹಾಯಿಕಂಬಕ್ಕೆ ಒತ್ತಿ ಹಿಡಿದುಕೊಂಡು ತೇಲಿದ್ದನಂತೆ. ಸಂಜೆ ಮೀನುಗಾರರು ಎತ್ತಿಕೊಂಡರು. ರಾಯರು ಜ್ವರ ಬಂದು ಒಂದು ತಿಂಗಳು ಅಲ್ಲಿಯ ಹಳ್ಳಿಯೊಂದರಲ್ಲಿ ಬಿದ್ದಿದ್ದರು. ಖಲಾಸಿ ಮೊದಲೇ ವೆಂಗುರ್ಲೆಗೆ ಹೋಗಿ ಸುದ್ದಿ ಮುಟ್ಟಿಸಿದ್ದ.

"ಈಗ ನಾನು ಅಲ್ಲಿಗೆ ಹೋಗ್ಬೇಕು," ಅಂದರು ರಾಯರು. "ಅವನ ಹೆಂಡತಿ ಮುಂದ ನಿಂತು ಖರೆ ಹೇಳಬೇಕು. ಬಾಯಿಗೆ ಬಂದಾಗ ನಾ ಮೆತ್ತಗ ಮಾಡಿ ಹೇಳಬಹುದು, ದೈವ ಗೀವ ಅನಬಹುದು. ಹಂಗ ಮಾಡಿದ್ರ ನೀ ತಡೀಬೇಕು. ಬರ್ತೀಯೇನು?"

ಬರುತ್ತೇನೆ ಅಂದೆ. "ನಾನೂ ಬರ್ತೀನಿ," ಅಂದರು ಗೋದಕ್ಕ. ಅವರನ್ನು ಯಾರೂ ಬೇಡ ಅನ್ನಲಿಲ್ಲ.

ಈ ಸಲ ಘಟ್ಟದಲ್ಲಿ ಮಂಜಿರಲಿಲ್ಲ. ಹೋದ ಸಲ ಕಾಣದ ಕಣಿವೆಯೆಲ್ಲ ತಳದವರೆಗೆ ಕಾಣುತ್ತಿತ್ತು. ತಾಂಡೇಲನ ಮನೆ ಮರಳಿನ ದಿಬ್ಬದ ಹಿಂದೆ, ಮಣ್ಣಿನ ಗೋಡೆಯದು. ಅವನು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. ಚಂದ್ರಾ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಳು. ಹಣೆ ಬರಿದಾಗಿತ್ತು. ನಮ್ಮನ್ನು ಕಂಡು ಮೊರ ಕೆಳಗಿಟ್ಟು ನಿಂತಳು.

ರಾಯರು ಅಂಗಳದ ನಡುವೆ ನಿಂತು ಮರಾಠಿಯಲ್ಲಿ ಹೇಳಿದರು. ಮೆತ್ತಗೆ ಮಾಡಿ ಹೇಳಲಿಲ್ಲ. ನಾನು ತಡೆಯುವ ಪ್ರಸಂಗ ಬರಲಿಲ್ಲ.

"ತಾಯಿ, ಹಡಗಿಗೆ ಹುಳ ಹಿಡಿದಿದೆ ಎಂದು ಈ ಬಡಿಗ ನನಗೆ ಹೇಳಿದ್ದ. ದೇವರಾಣೆ ಮಾಡಿ ಹೇಳಿದ್ದ. ನಾನು ನಂಬಲಿಲ್ಲ. ನನಗೆ ಹೋಗುವುದಿತ್ತು, ಅದಕ್ಕೆ ನಂಬಲಿಲ್ಲ."

ಜಗಲಿಯಿಂದ ತಾಂಡೇಲನ ದನಿ ಬಂತು, ಕಷ್ಟಪಟ್ಟು ಮೇಲೆ ಬಂದಂತೆ. "ನನಗೂ ಗೊತ್ತಿತ್ತು ಮಗಳೇ. ಸುಣ್ಣ ಎಣ್ಣೆ ಬಳಿದು ಮುಚ್ಚಿದ್ದು ನಾನೇ. ಅವರು ಗೋವೆ ದಾಟುವುದಿಲ್ಲ, ಹೆದರಿ ತಿರುಗಿ ಬರುತ್ತಾರೆ ಅಂದುಕೊಂಡಿದ್ದೆ."

ಚಂದ್ರಾ ಅಪ್ಪನ ಕಡೆ ತಿರುಗಲಿಲ್ಲ. ನನ್ನನ್ನು ನೋಡಿದಳು. ನಾನು ಅವನ ಪಕ್ಕದಲ್ಲಿ ಕೂತು ಮಾತಾಡಿದ್ದನ್ನು ಅವಳು ಅಂದು ಕಂಡಿದ್ದಳು.

"ನಿನಗೂ ಗೊತ್ತಿತ್ತಲ್ಲ," ಅಂದಳು.

"ಗೊತ್ತಿತ್ತು ತಾಯಿ."

ಅವಳು ಅಳಲಿಲ್ಲ, ದನಿ ಏರಿಸಲಿಲ್ಲ. ರಾಯರನ್ನು, ಅಪ್ಪನನ್ನು, ನನ್ನನ್ನು ಒಬ್ಬೊಬ್ಬರನ್ನಾಗಿ ನೋಡಿದಳು. "ಮೂವರಿಗೂ ಗೊತ್ತಿತ್ತು. ಅವನಿಗೆ ಯಾರು ಹೇಳಿದಿರಿ?"

ಸಮುದ್ರದ ಸದ್ದು ದಿಬ್ಬದ ಆಚೆಯಿಂದ ಬರುತ್ತಿತ್ತು. ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಗೋದಕ್ಕ ಕಾಲಿನ ಮರಳು ಝಾಡಿಸಿ, ಯಾರನ್ನೂ ಕೇಳದೆ, ಅವಳ ಹಿಂದೆಯೇ ಒಳಗೆ ಹೋದರು. ಬಾಗಿಲು ಮುಚ್ಚಿಕೊಂಡಿತು.

ರಾಯರು, ತಾಂಡೇಲ, ನಾನು ಹೊರಗೆ ಉಳಿದೆವು. ಬಿಸಿಲು ಇಳಿಯುವವರೆಗೆ ಅಲ್ಲೇ ಇದ್ದೆವು. ಕೂತುಕೊಳ್ಳಿರಿ ಅಂತಲೂ ಯಾರೂ ಅನ್ನಲಿಲ್ಲ, ಹೋಗಿರಿ ಅಂತಲೂ ಅನ್ನಲಿಲ್ಲ.